ರಸಮಟ್ಟದ ಗುಳ್ಳೆ

"ಇನ್ನೊಂದು ಕೂದಲೆಳೆ, ಅಷ್ಟೇ" ಎಂದ ಕದಿರೇಶ. ಅವನ ಕಣ್ಣು ನನ್ನ ಮೇಲಿರಲಿಲ್ಲ, ಮಟ್ಟ ನೋಡುವ ರಸಮಟ್ಟದ ಗುಳ್ಳೆಯ ಮೇಲಿತ್ತು. ನಾನು ಕನಕಾಂಬರ ಮುಡಿದು ಬಂದದ್ದು ದಂಡವಾಯಿತು.

ಅವನು ಮಟ್ಟಕ್ಕೆ ತರುತ್ತಿದ್ದುದು ಬೆಂಗಳೂರಿನ ರೇಡಿಯೋ ಸ್ಟೇಷನ್ ಗುಜರಿಗೆ ಹಾಕಿದ್ದ, ರೆಕಾರ್ಡು ಹಾಡಿಸುವ ಹಳೆಯ ಟರ್ನ್‌ಟೇಬಲ್. ದೋಸೆ ಹೆಂಚಿಗಿಂತ ಅಗಲವಾದ ತಟ್ಟೆ, ಇಬ್ಬರು ಎತ್ತಬೇಕಾದ ಭಾರ. ಎಪ್ಪತ್ತೊಂಬತ್ತರ ಯುಗಾದಿಗೆ ಬಸ್ಸಿನ ಟಾಪಿನ ಮೇಲೆ ನಮ್ಮೂರು ಸುಗಟೂರಿಗೆ ಬಂದಿತ್ತು. ಈಗ ದೀಪಾವಳಿಯೂ ಮುಗಿದಿದೆ. ಮೋಟಾರು ಬಿಚ್ಚಿದ, ಸೀಮೆಎಣ್ಣೆಯಲ್ಲಿ ತೊಳೆದ, ವೈರು ಬದಲಿಸಿದ. ಮೇಜಿನ ಮೇಲಿಟ್ಟರೆ ಗುರ್ ಎನ್ನುತ್ತದೆಂದು ಗೋಡೆಗೆ ಕಡಪ ಕಲ್ಲು ಹೂಡಿ ಅದರ ಮೇಲೆ ಕೂರಿಸುತ್ತಿದ್ದ. ತಟ್ಟೆ ತಿರುಗುತ್ತಿತ್ತು, ನನ್ನ ಮದುವೆ ಮಾತ್ರ ನಿಂತಲ್ಲೇ ನಿಂತಿತ್ತು.

"ನಾಳೆ ಶ್ರೀನಿವಾಸಪುರದ ಗಂಡಿನ ಕಡೆಯವ್ರು ಬರ್ತಾರೆ. ಅಪ್ಪ ಮಾತು ಕೊಟ್ಬಿಟ್ರೆ ಮುಗೀತು. ಇವತ್ತೇ ಬಂದು ಕೇಳು."

"ಸೋದರಳಿಯ ಅಂತಾನೂ ನೋಡ್ದೆ ಮಾವ ನನ್ನ ಗುಜರಿ ಕದಿರೇಶ ಅಂತಾರೆ ಕಣೇ ಶಾಮಲಾ. ಇದು ಸರಿಯಾಗಿ ಹಾಡ್ಲಿ, ಅವ್ರಿಗೆ ಕೇಳಿಸಿ ಆಮೇಲೆ..."

"ಹಾಡಿಸ್ಕೋ! ಅವನ ಜೊತೆ ನನ್ನ ಮದ್ವೇಲೇ ಹಾಡಿಸ್ಕೋ!"

ಸಿಟ್ಟು, ಅಳು ಎರಡೂ ಒಟ್ಟಿಗೆ ಬಂದವು. ಹಿಂದಿರುಗಿ ನೋಡದೆ ಹೊರಟೆ.

ಮನೆಯಲ್ಲಿ ರೇಷ್ಮೆ ಹುಳು ಹಣ್ಣಾಗಿ ಗೂಡು ಕಟ್ಟಲು ಇನ್ನೆರಡೇ ದಿನ. ಸ್ನಾನ ಮಾಡಿ, ಸೀರೆ ಬದಲಿಸಿ, ಸೊಪ್ಪು ಹಾಕುತ್ತಿದ್ದೆ. ಅಂಗಳದಲ್ಲಿ ಸೈಕಲ್ ನಿಂತ ಸದ್ದಾಯಿತು. ಮೊಣಕೈವರೆಗೆ ಗ್ರೀಸು ಮೆತ್ತಿಕೊಂಡು ಬಂದಿದ್ದ, ಪುಣ್ಯಾತ್ಮ. ಅಪ್ಪ ಬಾಗಿಲಿಗೆ ಅಡ್ಡ ನಿಂತರು.

"ಏಯ್, ಅಲ್ಲೇ ನಿಲ್ಲು! ಮೈಯೆಲ್ಲ ಸೀಮೆಎಣ್ಣೆ ನಾತ. ಹುಳ ಸತ್ತೋಗ್ತವೆ. ಏನಿದ್ರೂ ಬೀದಿಯಿಂದ್ಲೇ ಹೇಳ್ಲಾ!"

ಮದುವೆಯ ಮಾತನ್ನು ನನ್ನೊಬ್ಬಳ ಮುಂದೆ ಆಡಲೂ ತೊದಲುವವನು ಬೀದಿಗಿಳಿದು ನಿಂತ. ಎದುರುಮನೆಯ ಚಿಕ್ಕಗಂಗಮ್ಮ ಬಿಂದಿಗೆ ಇಳಿಸಿ ನೋಡತೊಡಗಿದಳು.

"ಶಾಮಲನ್ನ ನಂಗೆ ಕೊಡಿ ಮಾವ!" ಎಂದು ಕೂಗಿದ.

"ನಿನ್ನ ಗುಜರಿ ಹಾಡ್ತೇನೋ?"

"ಇಲ್ಲ ಮಾವ. ಇನ್ನೂ ಗುರ್ ಅಂತೈತೆ. ಅದು ಹಾಡ್ದಿದ್ರೆ ಬಿಡ್ಲಿ. ಇವಳಿಲ್ದೆ ನಂಗಾಗಲ್ಲ."

ಬೀದಿಯೆಲ್ಲ ಕೇಳಿಸಿಕೊಂಡಿತು. ಅಪ್ಪ ನನ್ನ ಕಡೆ ತಿರುಗಿದರು. "ನೀನೇನಂತೀಯಮ್ಮ?"

ಇಷ್ಟು ತಿಂಗಳ ಸಿಟ್ಟು ಇನ್ನೂ ಇಳಿದಿರಲಿಲ್ಲ. ಆದರೂ ಸೊಪ್ಪಿನ ಬುಟ್ಟಿ ಕೆಳಗಿಟ್ಟು ಎದ್ದೆ.

"ಹಿತ್ತಲಲ್ಲಿ ನೀರು ಕಾಯಿಸ್ತೀನಪ್ಪ. ಮೈ ತೊಳ್ಕೊಂಡು ಒಳಗೆ ಬರ್ಲಿ."