ನಲವತ್ತೆಂಟು ಅಜ್ಜಿಯರು, ಒಬ್ಬ ಪುಟ್ಟಸ್ವಾಮಿ

ಪುಟ್ಟಸ್ವಾಮಿಗೆ ಆ ಸೋಮವಾರ ಬಂದ ಸಿಟ್ಟನ್ನು ಯಾರಾದರೂ ಒಲೆಗೆ ಹಾಕಿದ್ದರೆ, ಚನ್ನಪಟ್ಟಣದಿಂದ ಕೆಂಗಲ್‌ವರೆಗೆ ಒಂದೊಂದು ಮನೆಯಲ್ಲೂ ಎರಡು ಹೊತ್ತಿನ ಮುದ್ದೆ ಬೇಯುತ್ತಿತ್ತು. ಸುಳ್ಳಲ್ಲ. ಪಕ್ಕದಲ್ಲಿ ಕೂತಿದ್ದ ಶರೀಫನ ಬೀಡಿ ಕಡ್ಡಿ ಗೀರದೆಯೇ ಹೊತ್ತಿಕೊಂಡಿತಂತೆ. ಶರೀಫನೇ ಊರೆಲ್ಲ ಹೇಳಿಕೊಂಡು ತಿರುಗಿದ.

ಅಷ್ಟು ಸಿಟ್ಟಿಗೆ ಕಾರಣ ಗೇಣುದ್ದದ ಒಬ್ಬ ಅಜ್ಜಿ. ಮರದ ಅಜ್ಜಿ.

ಊರಿಗೆ ಕಲರ್ ಟೀವಿ ಬಂದ ಹೊಸತು. ಇಮಾಮ್ ಸಾಬರ ಬೊಂಬೆ ಕಾರ್ಖಾನೆಯಲ್ಲಿ ಪುಟ್ಟಸ್ವಾಮಿ, ಶರೀಫ್, ಸಾತನೂರು ಕಡೆಯ ಕಾವೇರಿ, ಮೂವರೂ ಮೂರು ಲೇತುಗಳ ಮುಂದೆ ಸಾಲಾಗಿ ಕೂತು ಮರ ಕಡೆಯುತ್ತಿದ್ದರು. ಆ ದಿನ ಬೆಂಗಳೂರಿನಿಂದ ಕಾರಿನಲ್ಲಿ ಒಬ್ಬ ಮೇಡಂ ಬಂದರು. ದಿಲ್ಲಿಯ ಮೇಳಕ್ಕೆ ಒಂದು ಬೊಂಬೆ ಆರಿಸಬೇಕಿತ್ತು. ಪುಟ್ಟಸ್ವಾಮಿ ಆರು ತಿಂಗಳು ಕಡೆದ ಏಳು ಕುದುರೆಯ ಸಾರೋಟು ಬಾಗಿಲಿಗೆ ಎದುರಾಗಿಯೇ ನಿಂತಿತ್ತು. ಆ ಕುದುರೆಗಳನ್ನು ನೋಡಿ ಬೀದಿಯ ಜಟಕಾ ಕುದುರೆಗಳು ಮೇವು ಬಿಟ್ಟಿದ್ದವು.

ಮೇಡಂ ಅದನ್ನು ದಾಟಿಕೊಂಡು ಹೋದರು! ಮೂಲೆಯಲ್ಲಿದ್ದ ಕಾವೇರಿಯ ಅಜ್ಜಿಯನ್ನು ಎತ್ತಿಕೊಂಡರು. ಬೆರಳು ತಾಕಿಸಿದರೆ ಸಾಕು, ಅಜ್ಜಿ ‘ಬ್ಯಾಡ ಬ್ಯಾಡ’ ಎನ್ನುವಂತೆ ತಲೆಯಾಡಿಸುತ್ತಿದ್ದಳು. ಮೇಡಂ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, “ಇಂಥವು ನಲವತ್ತೆಂಟು ಬೇಕು” ಎಂದು ಕಾರು ಹತ್ತಿದರು.

“ಏನ್ಲಾ ಪುಟ್ಸಾಮಿ,” ಶರೀಫ ಶುರು ಮಾಡಿದ, “ಏಳ್ ಕುದ್ರೆ ಕಟ್ಟುದ್ರೂ ನಿನ್ ಗಾಡಿ ಹೊಸ್ಲು ದಾಟ್ನಿಲ್ವಲ್ಲೋ. ಮುದ್ಕಿ ನೋಡು, ಒಬ್ಳೇ ದಿಲ್ಲಿಗೆ ಹೊಂಟವ್ಳೆ!”

“ಬಾಯ್ ಮುಚ್ಕಂಡು ಕೂತ್ಕೊಳ್ಲಾ.”

ಕಾವೇರಿ ತಲೆಯೆತ್ತಿ ನೋಡಿದಳು. ಈ ನೋಟದ ವಿಷಯ ಸ್ವಲ್ಪ ಹೇಳಬೇಕು. ಮೂರು ವರ್ಷದಿಂದ ಅವಳು ತಿರುಗುವ ಮರದ ಮೇಲಿಂದ ದಿನಕ್ಕೆ ನೂರು ಸಲ ಹೀಗೆ ನೋಡುತ್ತಿದ್ದಳು. ಪುಟ್ಟಸ್ವಾಮಿ ನೂರಾ ಒಂದು ಸಲ ಎದುರು ನೋಟ ಕೊಡುತ್ತಿದ್ದ. ಆ ನೋಟಗಳ ಸೆಖೆಗೆ ನಡುವೆ ಕೂತ ಶರೀಫ ಎರಡು ಮಣ ಇಳಿದಿದ್ದ. ಆದರೆ ಇಬ್ಬರ ಬಾಯಿಂದಲೂ ಒಲವಿನ ಒಂದು ಮಾತು ಹೊರಬಿದ್ದಿರಲಿಲ್ಲ.

ಊಟದ ಹೊತ್ತಿಗೆ ಅವಳೇ ಬಂದಳು. “ಎಲ್ರೂ ಚಂದಾಗೈತೆ ಅಂದ್ರು. ನೀನೊಬ್ನೇ ಏನೂ ಅನ್ನಿಲ್ಲ.”

“ಎಲ್ರೂ ಅಂದವ್ರಲ್ಲ. ನಂದ್ಯಾಕೆ?”

“ಎಲ್ರುದ್ದೂ ಕಿವೀಗ್ ಬಿತ್ತು. ನಿಂದುಕ್ಕೆ ಕಾಯ್ತಾ ಇವ್ನಿ.”

ಪುಟ್ಟಸ್ವಾಮಿ ಗಂಟಲು ಸರಿಮಾಡಿಕೊಂಡ. ಇವಳಿಗೆ ಉಳಿ ಹಿಡಿಯುವುದನ್ನು ಕಲಿಸಿದವನು ಯಾರು? ತಾನಲ್ಲವೇ? “ಪರ್ವಾಗಿಲ್ಲ. ಕತ್ತು ಒಸಿ ಸಡ್ಲ ಆಯ್ತು.”

“ಕತ್ತು ಸಡ್ಲ ಇರೋದ್ಕೇ ಕಣಪ್ಪ ಅದು ತಲೆ ಆಡ್ಸೋದು!” ಎಂದು ಅವಳು ಹೋದ ರಭಸಕ್ಕೆ ಅವಳ ಜಡೆ ಅವನ ಮೂಗಿನ ಮುಂದೆ ಸುಯ್ಯೆಂದಿತು.

ಆ ಸಂಜೆಯೇ ಪುಟ್ಟಸ್ವಾಮಿ ಮಾಡಬಾರದ್ದನ್ನು ಮಾಡಿದ.

ಹಿತ್ತಲಿನಲ್ಲಿ ಹಾಲೆಮರದ ತುಂಡುಗಳ ಎರಡು ರಾಶಿ. ಎಡಗಡೆಯವು ತಿಂಗಳುಗಟ್ಟಲೆ ಒಣಗಿದವು. ಬಲಗಡೆಯವು ಮೊನ್ನೆಮೊನ್ನೆ ಬಂದ ಹಸಿ ಮರ. ಹಸಿ ಮರದ ಮೇಲೆ ಅರಗಿನ ಬಣ್ಣ ಕೂತ ಹಾಗೆ ಕಾಣುತ್ತದೆ. ಆದರೆ ಮರ ಒಣಗಿ ಕುಗ್ಗುತ್ತಿದ್ದಂತೆ ಬಣ್ಣ ಸೀಳಿ ಉದುರುತ್ತದೆ. ಕೆಲಸಗಾರರಿಗೆ ಮರ ಆರಿಸಿಕೊಡುವುದು ಪುಟ್ಟಸ್ವಾಮಿಯ ಪಾಲಿನ ಕೆಲಸ. ಅವನು ಬಲಗಡೆಯ ರಾಶಿಯಿಂದ ನಲವತ್ತೆಂಟು ತುಂಡು ಎತ್ತಿ ಕಾವೇರಿಯ ಲೇತಿನ ಪಕ್ಕ ಜೋಡಿಸಿಟ್ಟ. ದಿಲ್ಲಿ ಮುಟ್ಟುವಷ್ಟರಲ್ಲಿ ಅಜ್ಜಿಯರ ಮುಖವೆಲ್ಲ ಸಿಪ್ಪೆ ಏಳಲಿ! ಮೇಡಂಗೆ ಬುದ್ಧಿ ಬರಲಿ!

ಮರುದಿನ ಬೆಳಗ್ಗೆ ಕಾವೇರಿ ಮೊದಲ ತುಂಡಿಗೆ ಉಳಿ ತಾಕಿಸಿದಳು. ಒಣಮರವಾದರೆ ಪುಡಿಪುಡಿಯಾಗಿ ಉದುರಬೇಕು. ಇದು ಉದ್ದನೆಯ ರಿಬ್ಬನ್ನಿನ ಹಾಗೆ ತಣ್ಣಗೆ ಸುರುಳಿ ಬಿಚ್ಚುತ್ತ ಅವಳ ಮುಂಗೈಗೆ ಸುತ್ತಿಕೊಂಡಿತು.

ಅವಳು ಲೇತು ನಿಲ್ಲಿಸಿದಳು. ಪುಟ್ಟಸ್ವಾಮಿಯ ಕಡೆ ನೋಡಿದಳು. ಅವನು ತನ್ನ ಉಳಿಯ ತುದಿಯಲ್ಲಿ ಮೂರು ಲೋಕ ಕಾಣುತ್ತಿರುವವನಂತೆ ಅದನ್ನೇ ನೋಡುತ್ತ ಕೂತ. ಕಿವಿ ಮಾತ್ರ ಬ್ಯಾಡಗಿ ಮೆಣಸಿನಕಾಯಿ.

ಅವಳು ಎದ್ದಳು. ಒಂದೊಂದೇ ತುಂಡನ್ನು ಎರಡೂ ಕೈಯಲ್ಲಿ ಹಿಡಿದು, ಅವನ ಮುಂದೆಯೇ ಹಾದು, ಹಿತ್ತಲಿಗೆ ಹೊತ್ತು ಹಾಕತೊಡಗಿದಳು. ಒಮ್ಮೆಗೆ ನಾಲ್ಕು ಒಯ್ಯಬಹುದಿತ್ತು. ಒಯ್ಯಲಿಲ್ಲ. ಹನ್ನೊಂದನೆಯದಕ್ಕೆ ಪುಟ್ಟಸ್ವಾಮಿ ಬೆವರಿದ. ಇಪ್ಪತ್ತನೆಯದಕ್ಕೆ ಎದ್ದು ಹಿತ್ತಲಿಗೆ ಓಡಿದ.

“ಕಾವೇರಿ, ಅದೂ... ಕೈತಪ್ಪಿ...”

“ನಲವತ್ತೆಂಟ್ ಕಿತ ತಪ್ತಾ ಕೈಯಿ?”

ಪುಟ್ಟಸ್ವಾಮಿ ಎರಡೂ ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟ.

“ಹೊಟ್ಟೆ ಉರೀತು ಅನ್ನು, ಒಪ್ಕತೀನಿ. ಹೋದ್ ವರ್ಸ ನಿನ್ ಬುಗುರಿಗೆ ಬಹುಮಾನ ಬಂದಾಗ ನಂಗೂ ಉರಿದಿತ್ತು. ಮನೇಗೋಗಿ ಚಿಕ್ಕವ್ವನ ಕೋಳಿ ಮ್ಯಾಲೆಲ್ಲ ರೇಗಾಡ್ಬುಟ್ಟೆ. ಮಾರ್ನೆ ದಿನ ಬಂದು ನಿಂಗೆ ಕೊಬ್ರಿ ಮಿಠಾಯಿ ಕೊಡ್ನಿಲ್ವಾ?”

“ಮೋಸ ಆಗೋಯ್ತು ಕಣೆ. ತಪ್ಪಾಯ್ತು.”

“ಮೋಸುಕ್ಕಲ್ಲ ನಂಗೆ ಕ್ವಾಪ!” ಅವಳ ದನಿ ಏರಿತು. ಗೋಡೆಯ ಮೇಲಿದ್ದ ಕಾಗೆಗಳೆಲ್ಲ ರಾಮನಗರಕ್ಕೆ ಹಾರಿದವು. “ಹಸಿ ಯಾವುದು, ಒಣಗಿದ್ದು ಯಾವುದು ಅಂತ ನನ್ ಕೈಗೆ ತಿಳಿಯಾಕಿಲ್ಲ ಅಂದ್ಕಂಡ್ಯಲ್ಲ, ಅದುಕ್ಕೆ! ಮೂರ್ ವರ್ಸ ಅತ್ಲಾಗ್ ಕೂತು ಏನ್ ನೋಡ್ದೆ ನೀನು? ಬರೀ ಮುಖ ನೋಡ್ತಿದ್ದ್ಯಾ? ನನ್ ಕೈ ಒಂದಿನಾನಾರೂ ನೋಡಿದ್ದೀಯಾ?”

ಮೂರು ಹೋಬಳಿಯಲ್ಲಿ ಬಡಾಯಿಗೆ ಹೆಸರಾದ ಪುಟ್ಟಸ್ವಾಮಿ ಬರೀ ಮುಖ ನೋಡಿದ್ದ. ಕೈ ನೋಡಿರಲಿಲ್ಲ. ಅದೇ ನಿಜ.

ಅವನು ನೆಟ್ಟಗೆ ಒಳಗೆ ಹೋಗಿ ಇಮಾಮ್ ಸಾಬರ ಮುಂದೆ ನಿಂತ. “ಸಾಬ್ರೇ, ಕಾವೇರಿಗೆ ಹಸಿ ಮರ ಕೊಟ್ಟೋನು ನಾನು. ಬೇಕಂತ್ಲೇ ಕೊಟ್ಟೆ. ಹೊಟ್ಟೆಕಿಚ್ಚು.”

ಕಾರ್ಖಾನೆಯ ಉಳಿದ ಲೇತುಗಳೂ ನಿಂತವು. ಇಮಾಮ್ ಸಾಬರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. “ನಲವತ್ತು ವರ್ಷದಾಗೆ ಒಬ್ಬ ಕೆಲ್ಸದೋನೂ ಹೊಟ್ಟೆಕಿಚ್ಚು ಅಂತ ಒಪ್ಕೊಂಡಿಲ್ಲಪ್ಪ. ಎಲ್ಲಾ ಜ್ವರ ಅಂತ ರಜ ಹಾಕ್ತಾರೆ. ನಿನ್ನ ಇಟ್ಕೋಬೇಕೋ ಕಳಿಸ್ಬೇಕೋ, ಆ ಹುಡ್ಗೀನೇ ಹೇಳ್ಲಿ.”

ಪುಟ್ಟಸ್ವಾಮಿಯ ಎದೆಬಡಿತ ಮಾಗಡಿಗೆ ಕೇಳಿಸಿತು. ಕೆಲಸ ಹೋದರೆ ಇನ್ನೊಂದು ಕಾರ್ಖಾನೆ ಸಿಕ್ಕೀತು. ಆ ಲೇತಿನಾಚೆಯ ಕಣ್ಣುಗಳು ಇನ್ನೆಲ್ಲಿ ಸಿಗಬೇಕು?

ಹಿಂದೆಯೇ ಬಂದಿದ್ದ ಕಾವೇರಿ ಸೆರಗಿನಲ್ಲಿ ಕೈ ಒರೆಸಿಕೊಂಡಳು. “ಇರ್ಲಿ ಸಾಬ್ರೇ. ನಲವತ್ತೆಂಟೂ ನಾನು ಕಡೀತೀನಿ. ಬಣ್ಣ ಇವ್ನು ಹಚ್ಲಿ. ನಾನು ಹೇಳ್ದಂಗೆ.”

“ಹಾಯ್ ಅಲ್ಲಾ,” ಎಂದ ಶರೀಫ, “ಇದ್ಕಿಂತ ಜೈಲೇ ವಾಸಿ.”

ಹತ್ತೊಂಬತ್ತು ದಿನ ಪುಟ್ಟಸ್ವಾಮಿ ಅವಳ ಪಕ್ಕ ಮಣೆ ಹಾಕಿ ಕೂತ. ಅವಳು ಕಡೆದು ಮುಗಿಸುವಳು, ಅವನು ತಿರುಗುವ ಅಜ್ಜಿಗೆ ಅರಗಿನ ಕಡ್ಡಿ ಒತ್ತಿ ಬಣ್ಣ ಕರಗಿಸುವನು, ತಾಳೆಗರಿಯಿಂದ ಉಜ್ಜಿ ಹೊಳಪು ಬರಿಸುವನು. “ಅಂಗಲ್ಲ.” “ಮೆತ್ಗೆ.” “ಯಾರ್ ಮ್ಯಾಲಿನ್ ಸಿಟ್ಟು ಅಜ್ಜಿ ಮ್ಯಾಲೆ?” ಎಂದು ಅವಳು ಗದರಿದಾಗಲೆಲ್ಲ ಅವನ ಮೀಸೆ ಗೋಧಿಕಾಳಿನಷ್ಟು ಇಳಿಯುತ್ತಿತ್ತು. ಬೀದಿಯ ಜನ ಕಿಟಕಿಯಲ್ಲಿ ನಿಂತು ನೋಡಿದರು. ನೋಡಲಿ, ಎಂದುಕೊಂಡ. ಅವನು ಮಾತ್ರ ಅವಳ ಕೈ ನೋಡುತ್ತಿದ್ದ.

ನಲವತ್ತೆಂಟನೆಯ ಅಜ್ಜಿ ತಲೆಯಾಡಿಸಿದ ಮಧ್ಯಾಹ್ನ ಅವನೇ ಬಾಯಿ ಬಿಟ್ಟ. “ನೋಡ್ದೆ ಕಾವೇರಿ.”

“ಏನ?”

“ಕೈಯ. ಕತ್ತು ಕಡ್ಯೋವಾಗ ಉಸ್ರು ಬಿಗಿ ಹಿಡೀತೀಯ. ಉಳಿ ಅಳ್ಳಾಡಾಕಿಲ್ಲ, ಮರವೇ ಬಂದು ಅದ್ನ ತಾಕ್ತದೆ. ನಂಗೆ ಆ ಕೆಲ್ಸ ಬರಾಕಿಲ್ಲ. ಈಗ್ಲೂ ಹೊಟ್ಟೆ ಒಸಿ ಉರೀತದೆ.”

ಅವಳು ತಲೆ ತಗ್ಗಿಸಿದಳು. ಕೆನ್ನೆಯಲ್ಲಿ ನಗು ಬಂದು ನಿಂತಿದ್ದು ಅವನಿಗೆ ಓರೆಯಾಗಿ ಕಂಡಿತು. “ಉರೀಲಿ ಬುಡು. ಆದ್ರೆ ನನ್ ಎದುರ್ಗೇ ಉರಿ, ಹಿತ್ಲಲ್ಲಲ್ಲ.” ಕೊನೆಯ ಅಜ್ಜಿಯನ್ನು ಸಾಲಿಗೆ ಸೇರಿಸಿ ಅಂದಳು: “ಭಾನ್ವಾರ ಸಾತನೂರ್ ಬಸ್ಸತ್ತು. ಅಪ್ಪ ಮನೇಲಿರ್ತಾನೆ.”

ಭಾನುವಾರ ಕಾವೇರಿಯ ಅಪ್ಪ ಬೋರಲಿಂಗಯ್ಯ ಜಗಲಿಯಲ್ಲಿ ರೇಷ್ಮೆ ಹುಳುವಿಗೆ ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತ ಕೂತಿದ್ದರು. ಬಂದವನನ್ನು ಮೇಲಿಂದ ಕೆಳಕ್ಕೆ ಅಳೆದು ಕೇಳಿದರು: “ಏನಪ್ಪಾ ನಿನ್ ಕೆಲ್ಸ?”

ಪುಟ್ಟಸ್ವಾಮಿಯ ಬಾಯಿಗೆ ಆನೆಗಾತ್ರದ ಬಡಾಯಿಯೊಂದು ಬಂದಿತು. ಅದನ್ನು ಇಡಿಯಾಗಿ ನುಂಗಿದ.

“ನಿಮ್ ಮಗಳು ಬೊಂಬೆ ಕಡೀತಾಳೆ. ನಾನು ಬಣ್ಣ ಹಚ್ತೀನಿ.”

ಮುದುಕರು ಬಾಗಿಲ ಕಡೆ ತಿರುಗಿದರು. “ಎಂಗೆ ಹಚ್ತಾನವ್ವ?”

ಕಾವೇರಿ ನೀರಿನ ಚೊಂಬು ತಂದು ಅವನ ಮುಂದಿಟ್ಟಳು.

“ಈಗೀಗ ಬೊಂಬೆ ಅವ್ನ ಕೈಗೆ ಕೊಟ್ಮ್ಯಾಲೆ ನಾನು ತಿರುಗಿ ನೋಡಾಕಿಲ್ಲ, ಅಪ್ಪ.”