ವರ್ಲಿನ್ ಕಿತ್ತು ತಂದ ಕಾಡು ಈರುಳ್ಳಿ

“ಬುಡಸಮೇತ ಕಿತ್ತು ತಂದ್ಯೇನೋ ಮುಟ್ಠಾಳ? ಗಿಡಕ್ಕೊಂದು ಎಲೆ ಕೊಯ್ದು, ಗೆಡ್ಡೆ ಮಣ್ಣಲ್ಲೇ ಬಿಡು ಅಂತ ಅಮ್ಮ ಬಡ್ಕೋತಿರ್ಲಿಲ್ವಾ?” ಎಂದು ತಮ್ಮ ವರ್ಲಿನ್‌ಗೆ ಬೈದೆ.

“ಬಿಡೇ ಅಕ್ಕಾ, ಅಮ್ಮ ಗೋರಿಯಿಂದ ಎದ್ದು ಬಂದು ಹೊಡೀತಾಳಾ?” ಎನ್ನುತ್ತ ಅವನು ಒಂದು ಹಿಡಿ ಕಾಡು ಈರುಳ್ಳಿಯನ್ನು ಹಂದಿಕೊಬ್ಬಿನಲ್ಲಿ ಹುರಿದು, ಬಾಣಲೆಯಿಂದಲೇ ತಿಂದ.

ಅದನ್ನು ಹುರಿದರೆ ನಮ್ಮ ಅಪಲಾಚಿಯ ಬೆಟ್ಟಸೀಮೆಯ ಕಣಿವೆಯಿಡೀ ನಾರುತ್ತದೆ. ತಿಂದವರ ಪಕ್ಕ ಚರ್ಚಿನಲ್ಲಿ ಯಾರೂ ಕೂರುವುದಿಲ್ಲ. ಅಂದು ಅಡುಗೆಮನೆಯಲ್ಲಿ ವಾಸನೆಯೇ ಏಳಲಿಲ್ಲ. ಅವನು ಮುಖಕ್ಕೆ ಮುಖ ಕೊಟ್ಟು ಕೂಗಾಡಿದಾಗಲೂ ಈರುಳ್ಳಿ ನಾತವಿಲ್ಲ. ಉಸಿರು ಬಾವಿನೀರಿನಷ್ಟು ತಣ್ಣಗಿತ್ತು.

“ಯಾಕೋ ಬಾಯೆಲ್ಲ ಮಣ್ಣು ಮಣ್ಣು ಕಣೇ,” ಎಂದ.

“ಉಳಿದದ್ದನ್ನಾದ್ರೂ ನೆಟ್ಟು ಬಾ, ತೊಲಗು!”

ಉಳಿದ ಗಿಡಗಳ ಚೀಲ ಹೊತ್ತು ಕಾಡಿಗೆ ಹೋದವನು ಬರಲೇ ಇಲ್ಲ.

ಮರುದಿನ ಅಲ್ಲಿಗೆ ಹೋಗಿ ನೋಡಿದೆ. ಅವನ ಗುದ್ದಲಿ ಮರಕ್ಕೊರಗಿತ್ತು. ಅಗೆದಿದ್ದ ಗುಂಡಿಗಳಲ್ಲೆಲ್ಲ ಗಿಡ ನಿಂತಿತ್ತು. ಅವನು ತಿಂದವುಗಳ ಗುಂಡಿಯೂ ಖಾಲಿ ಇರಲಿಲ್ಲ. ಬಗ್ಗಿದರೆ ಅಲ್ಲಿನ ಎಲೆಗಳಿಂದ ಅವನದೇ ತಣ್ಣನೆಯ ಉಸಿರು ಮುಖಕ್ಕೆ ಬಡಿಯಿತು.