ಬೇಸಗೆ ರಜೆಯ ಹನ್ನೊಂದು ಪುಸ್ತಕಗಳು

"ಆ ರಿಜಿಸ್ಟರ್ ಒಮ್ಮಿ ಕೊಡ್ರಿ. ಯಾರು ಏನು ಓದ್ಯಾರಂತ ನೋಡಬೇಕು."

ಸುವರ್ಣ ರಿಜಿಸ್ಟರಿನ ಮೇಲೆ ಕೈಯಿಟ್ಟುಕೊಂಡಳು.

ಹೊಸಪೇಟೆಯ ಆ ಪುಟ್ಟ ವಾಚನಾಲಯದ ಬಾಗಿಲಲ್ಲಿ ನಿಂತಿದ್ದವನು ಹೈಸ್ಕೂಲಿನ ಹೊಸ ಮಾಸ್ತರ ಜಂಬಪ್ಪ. ಸಂಡೂರಿನ ಶಾಲೆ ಬಿಟ್ಟು ಬಂದು ಮೂರು ತಿಂಗಳಾಗಿತ್ತಷ್ಟೆ.

ಹೋದ ವರ್ಷ, ನಲವತ್ತೆರಡರ ಆಗಸ್ಟಿನಲ್ಲಿ, ಇದೇ ಮಾತು ಹೇಳಿಕೊಂಡು ಒಬ್ಬ ಬಂದಿದ್ದ. ರಿಜಿಸ್ಟರಿನಿಂದ ಹೆಸರು ಬರೆದುಕೊಂಡು ಹೋದ. ವಾರದೊಳಗೆ ಐದು ಜನ ಓದುಗರು ಬಳ್ಳಾರಿ ಜೈಲು ಸೇರಿದರು. ಅವರ ಜೊತೆಗೆ ವಾಚನಾಲಯ ನಡೆಸುತ್ತಿದ್ದ ಅವಳ ಅಪ್ಪ ಎರ್ರಿಯಪ್ಪನೂ...

ಈಗ ಹೊಸ ರಿಜಿಸ್ಟರಿನಲ್ಲಿ ಇಪ್ಪತ್ತಮೂರು ಹೈಸ್ಕೂಲು ಹುಡುಗರ ಹೆಸರಿದ್ದವು. ಅವರನ್ನು ಕಳಿಸಿದವನೂ ಇದೇ ಮಾಸ್ತರ!

'ರಜಾದಲ್ಲಿ ಓದತಕ್ಕ ಪುಸ್ತಕಗಳು. ಕಥೆ, ಕಾದಂಬರಿ ಬೇಡ. ನಿಜ ಸಂಗತಿ ಮಾತ್ರ' ಎಂದು ಚೀಟಿ ಬರೆದುಕೊಟ್ಟಿದ್ದ. ಹಾವುಗಳ ಪುಸ್ತಕ, ನಕ್ಷತ್ರಗಳ ಪುಸ್ತಕ, ಹಂಪಿಯ ಕಟ್ಟಡಗಳ ಪುಸ್ತಕ... ಹನ್ನೊಂದನೆಯದು ಉಪ್ಪಿನ ತೆರಿಗೆಯ ಚರಿತ್ರೆ.

'ಉಪ್ಪಿನದು! ಯಾರು ಒಯ್ಯುತ್ತಾರೆಂದು ನೋಡಲು ಇಟ್ಟ ಬಲೆಯೇ ಇದು?'

ಇಲ್ಲ ಎಂದರೆ ಅನುಮಾನ ಬರುತ್ತದೆಂದು ಹೆದರಿ ಕೊಟ್ಟಳು. ಅವನು ಮೂಲೆಯಲ್ಲಿ ಕುಳಿತು ತನ್ನ ನೋಟ್‌ಬುಕ್ಕಿನಲ್ಲಿ ಏನೋ ಬರೆದುಕೊಳ್ಳತೊಡಗಿದ.

ಮರುದಿನವೂ ಬಂದ. ಅದರ ಮರುದಿನವೂ!

"ಮಾಸ್ತರು ದಿನಾ ಬರಾಕತ್ಯಾನಲ್ಲೇ..." ಸೋದರತ್ತೆ ಸುಂಕಮ್ಮ ಹೊಸ್ತಿಲಲ್ಲಿ ಹುಣಸೆಹಣ್ಣು ಬಿಡಿಸುತ್ತಾ ನಕ್ಕಳು. "ಪುಸ್ತಕಕ್ಕೋ, ಪುಸ್ತಕ ಕೊಡಾಕಿಗೋ?"

"ಸುಮ್ನಿರತ್ತಿ! ಅಂವ ಎಂಥಾವನೋ ಏನೋ."

"ಎಂಥಾವನಾದ್ರೂ ತಲಿ ಎಣ್ಣಿ ಹಚ್ಚಿ ಬಾಚ್ಕೊಂಡು ಬರ್ತಾನ. ಹೋದ ವಾರ ಹಂಗಿರಲಿಲ್ಲ."

ನಾಲ್ಕನೆಯ ದಿನ ಸುವರ್ಣ ರಿಜಿಸ್ಟರನ್ನು ಜೋಳದ ಹಿಟ್ಟಿನ ಡಬ್ಬಿಯೊಳಗೆ ಹುಗಿದಿಟ್ಟಳು.

"ರಿಜಿಸ್ಟರ್ ಎಲ್ಲೈತ್ರಿ?"

"ಇಲಿ ಕಡದಾವ್ರಿ."

"ಪೂರಾ?"

"ಪೂರಾ. ಭಾಳ ಹಸ್ತಿದ್ದವು."

ಅವನ ಮುಖ ಬಾಡಿತು. ಅದನ್ನು ನೋಡಿ ಅವಳಿಗೆ ಯಾಕೋ ಸಂಕಟವಾಯಿತು. ಆ ಸಂಕಟದ ಮೇಲೇ ಅವಳಿಗೆ ಸಿಟ್ಟು ಬಂತು.

ಸಂಜೆ ಅತ್ತೆ ಸಂತೆಯಿಂದ ಏದುಸಿರು ಬಿಡುತ್ತಾ ಬಂದಳು. "ಸುವರ್ಣಾ, ನಿಮ್ಮ ಮಾಸ್ತರು ಸ್ಟೇಷನ್ ಮುಂದ ಪೊಲೀಸಪ್ಪನ ಕೂಡ ಮಾತಾಡಾಕತ್ತಿದ್ದ! ದೂರ ಇದ್ದೆ, ಮಾತು ಕೇಳಲಿಲ್ಲ."

ಮುಗಿಯಿತು... ಹಾಗಾದರೆ ತನ್ನ ಅನುಮಾನ ನಿಜ!

ಮರುದಿನ ಅವನು ಒಳಗೆ ಕಾಲಿಡುತ್ತಲೇ ಕೈ ಚಾಚಿದಳು. "ನೋಟ್‌ಬುಕ್ ಕೊಡ್ರಿ."

"ಅದು... ಬ್ಯಾಡ್ರಿ." ಅವನ ಕಿವಿ ಕೆಂಪಾದವು.

"ಯಾಕ? ಹುಡುಗ್ರ ಹೆಸರು ಅದಾವಂತನಾ?"

ಕಸಿದುಕೊಂಡು ತೆರೆದಳು. ಪುಟ ತಿರುವಿದಳು, ಮತ್ತೆ ತಿರುವಿದಳು. ಒಂದೇ ಒಂದು ಹೆಸರಿಲ್ಲ!

ಪುಸ್ತಕ ಹಿಂದಿರುಗಿಸುವವರು ರಿಜಿಸ್ಟರಿನಲ್ಲಿ ಒಂದು ಸಾಲು ಅಭಿಪ್ರಾಯ ಬರೆಯುವುದು ಅಪ್ಪ ಹಾಕಿಕೊಟ್ಟ ಪದ್ಧತಿ. ಎಂಟನೆಯ ಇಯತ್ತೆಗೇ ಶಾಲೆ ಬಿಟ್ಟ ಸುವರ್ಣ, ಆ ಹನ್ನೊಂದನ್ನೂ ಓದಿ, ನಾಚಿಕೆಯಿಂದ ಹೆಸರು ಹಾಕದೆ ಬರೆದಿದ್ದಳು. ನೋಟ್‌ಬುಕ್ಕಿನಲ್ಲಿದ್ದದ್ದು ಅವೇ ಸಾಲುಗಳು!

'ಹಾವಿಗೆ ಹೊರಕಿವಿ ಇಲ್ಲವಂತೆ. ಪುಂಗಿ ಕೇಳುತ್ತಿದ್ದವರು ನಾವೇ ಇರಬೇಕು.'

'ಹಂಪಿ ಕಟ್ಟಿಸಿದವರ ಹೆಸರಿವೆ. ಕಲ್ಲು ಹೊತ್ತವರದು ಯಾವ ಪುಟದಲ್ಲಿದೆ?'

"ಮೊದಲು ಯಾವನೋ ಹುಡುಗ ಬರದಾನ ಅಂದ್ಕೊಂಡಿದ್ದೆ," ಅವನು ನೆಲ ನೋಡುತ್ತಾ ಹೇಳಿದ. "ಆಮ್ಯಾಲ ಕಪಾಟಿನ ಮ್ಯಾಲ ನೀವು ಬರೆದ ಚೀಟಿ ನೋಡಿದೆ. ಅದೇ ಅಕ್ಷರ..."

"ಮತ್ತ ಪೊಲೀಸರ ಹತ್ರ ಏನು ಕೆಲಸ ಇತ್ತು?"

"ಅಂವನೇ ಕರೆದ. ಉಪ್ಪಿನ ಪುಸ್ತಕ ಯಾರು ಓದ್ಯಾರ, ಹೆಸರು ಕೊಡು, ಇಲ್ಲಾಂದ್ರ ನಿನ್ನ ಕೆಲಸಕ್ಕ ಕುತ್ತು ಅಂದ."

"ನೀವೇನಂದ್ರಿ?"

"ಓದ್ರಿ ಅಂತ ಹೇಳಿದಾವ ನಾನು, ನನ್ನ ಹೆಸರು ಬರ್ಕೋ ಅಂದೆ. ಬರ್ಕೊಂಡ."

ಸುವರ್ಣಳ ಕಣ್ಣು ತುಂಬಿತು. ಇವನನ್ನೇ ಅಲ್ಲವೇ ತಾನು ಬಲೆ ಬೀಸುವವನೆಂದುಕೊಂಡದ್ದು!

"ತಪ್ಪಾತು... ಭಾಳ ತಪ್ಪಾತು ನಂದು."

"ನಿಮ್ಮ ಜಾಗದಾಗ ಇದ್ದಿದ್ರ ನಾನೂ ಹಂಗ ಮಾಡ್ತಿದ್ದೆ."

ಅವಳು ಕಣ್ಣೊರೆಸಿಕೊಂಡಳು. "ಅಂವ ಮತ್ತ ಸಿಕ್ರ ಹೇಳ್ರಿ. ಪುಸ್ತಕ ಕೊಟ್ಟಾಕಿ ಸುವರ್ಣಮ್ಮ. ನಿಮ್ಮ ಹೆಸರಿನ ಕೆಳಗ ನಂದೂ ಬರ್ಕೊಳ್ಳಲಿ."

ಅವನು ತಲೆಯೆತ್ತಿದ. "ಹಂಗ ಜೋಡಿಸಿ ಬರೀಬೇಕಂದ್ರ ನಿಮ್ಮ ಅಪ್ಪಾರನ್ನ ಕೇಳಬೇಕಲ್ರಿ?"

ಹೊಸ್ತಿಲಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದ ಸುಂಕಮ್ಮನ ಕೈ ನಿಂತಿತು.

"ಗುರುವಾರ ಜೈಲಿನಾಗ ಭೇಟಿ ಐತಿ," ಸುವರ್ಣ ಮೆಲ್ಲಗೆ ಹೇಳಿದಳು. "ಎಂಟರ ಗಾಡಿಗೆ ಹೊಂಟೀವಿ."

"ನಾನೂ ಬರಲೇನ್ರಿ?"

"ಬರ್ರಿ... ಆದ್ರ ಅಪ್ಪ ಜಲ್ದಿ ಯಾರನ್ನೂ ನಂಬಾಂಗಿಲ್ಲ."

"ನೀವು?"

"ನಾನು ನಿಮ್ಮ ಪಕ್ಕದಾಗ ಕುಂದ್ರತೀನಿ."